ಬೇಕಲ ಕೋಟೆಯ ಒಳಗೆ ‘ಏನೂ ಇಲ್ಲ’ ಎನ್ನುವ ಮೊದಲು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಈಚೆಗೆ ಬೇಕಲ ಕೋಟೆಯ ಬಗ್ಗೆ ಪ್ರಕಟವಾದ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಮಳೆ ನಿಂತ ಮೇಲೆ ಹಸಿರು ಹೊದ್ದುಕೊಂಡ ಕೊತ್ತಲಗಳ ಚಿತ್ರಗಳು ಕಣ್ಣಿಗೆ ಹಿತವಾಗಿದ್ದವು. ದಾರಿ, ರೈಲು ನಿಲ್ದಾಣ, ಸಂಜೆಯ ಕಡಲು ಇವುಗಳ ವಿವರವೂ ಹೋಗಿಬರುವವರಿಗೆ ಉಪಯೋಗವಾಗುವಂತಿತ್ತು. ಆದರೆ ಚರಿತ್ರೆಯ ಮಾತು ಬಂದಾಗ ಲೇಖನವು ಒಂದು ಕಡೆ ಅದನ್ನು ‘ಟಿಪ್ಪುವಿನ ಕೋಟೆ’ ಎಂದು ಕರೆದು, ಇನ್ನೊಂದು ಕಡೆ ‘ಶಿವಪ್ಪ ನಾಯಕನ ಅರಮನೆಯ ಅವಶೇಷ’ ಎಂದು ಹೇಳಿ, ಕೊನೆಗೆ ‘ಒಳಗೆ ನೋಡಲು ಅಂಥದ್ದೇನೂ ಉಳಿದಿಲ್ಲ’ ಎಂದು ಮುಗಿಸಿಬಿಟ್ಟಿದೆ. ಮೊದಲನೆಯದು ಅರ್ಧ ಸತ್ಯ, ಎರಡನೆಯದು ತಪ್ಪು, ಮೂರನೆಯದು ಎರಡನೆಯದರಿಂದಲೇ ಹುಟ್ಟಿಕೊಂಡ ನಿರಾಸೆ ಎಂದು ನನ್ನ ತಿಳಿವಳಿಕೆ.

ನಾನು ಕಾಸರಗೋಡಿನ ಕಡೆ ಕನ್ನಡ ಮಾಧ್ಯಮದ ಶಾಲೆಯಲ್ಲಿ ಸಮಾಜ ಪಾಠ ಹೇಳಿಕೊಟ್ಟು ನಿವೃತ್ತನಾದವನು. ಮಕ್ಕಳನ್ನು ಬೇಕಲಕ್ಕೆ ಕರೆದುಕೊಂಡು ಹೋದಾಗಲೆಲ್ಲ ಹೆಬ್ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಡುವುದರೊಳಗೆ ಯಾರಾದರೊಬ್ಬರು “ಸಾರ್, ಅರಮನೆ ಎಲ್ಲಿ?” ಎಂದು ಕೇಳುತ್ತಿದ್ದರು. ಅರಮನೆ ಇರಲಿಲ್ಲ, ಮಕ್ಕಳೇ ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಮೊದಮೊದಲು ಆ ನಿರಾಸೆಯನ್ನು ಹೇಗಾದರೂ ತುಂಬಿಕೊಡಬೇಕೆಂದು ನಾನೂ ಸುರಂಗ, ನಿಧಿ, ರಾಣಿಯರ ಕತೆಗಳನ್ನು ಹೇಳಿದ್ದುಂಟು. ಆಮೇಲೆ ಬಿಟ್ಟೆ. ಅರಮನೆ ಏಕಿಲ್ಲ ಎಂಬುದನ್ನು ವಿವರಿಸುವುದೇ ಈ ಕೋಟೆಯ ಚರಿತ್ರೆಯನ್ನು ಹೇಳುವ ಸರಿಯಾದ ದಾರಿ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಕಾಸರಗೋಡು ಪೇಟೆಯಿಂದ ತೆಂಕಣಕ್ಕೆ, ಚಂದ್ರಗಿರಿ ಹೊಳೆ ದಾಟಿ, ಉದುಮ, ಪಾಲಕ್ಕುನ್ನು, ಕೋಟಿಕುಳಂ ಕಳೆದು ಸುಮಾರು 16 ಕಿಲೋಮೀಟರ್ ಹೋದರೆ ಪಳ್ಳಿಕ್ಕರೆಯ ಬಳಿ ಸಮುದ್ರಕ್ಕೆ ಚಾಚಿಕೊಂಡ ದಿಣ್ಣೆಯ ಮೇಲೆ ಬೇಕಲ ಕೋಟೆ ಇದೆ. ವಿಸ್ತಾರ ಸುಮಾರು 40 ಎಕರೆ. ಈಗಿನ ಕೇರಳದಲ್ಲಿ ಇಷ್ಟು ದೊಡ್ಡ ಕೋಟೆ ಇನ್ನೊಂದಿಲ್ಲ. ಹೊರಗೋಡೆಯ ಮುಕ್ಕಾಲು ಪಾಲಿಗೆ ಕಡಲೇ ಕಂದಕ, ಉಳಿದ ಕಾಲು ಪಾಲಿಗೆ ಮಾತ್ರ ಮನುಷ್ಯರು ಅಗಳು ತೋಡಬೇಕಾಯಿತು. ಕಟ್ಟಿದ್ದು ನಾವು ಮುರಕಲ್ಲು ಎನ್ನುವ, ಮಲಯಾಳಿಗಳು ಚೆಂಗಲ್ಲು ಎನ್ನುವ ಕೆಂಪು ಕಲ್ಲಿನಲ್ಲಿ. ಈ ಕಲ್ಲಿನ ಗುಣ ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ: ನೆಲದಡಿ ಇರುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆತ್ತಗಿದ್ದು, ಮೇಲೆ ತೆಗೆದು ಗಾಳಿ ಬಿಸಿಲಿಗೆ ಇಟ್ಟಷ್ಟೂ ಗಟ್ಟಿಯಾಗುತ್ತದೆ. ದೂರದಿಂದ ಕಲ್ಲು ಹೊರಿಸಿ ತರುವ ಅಗತ್ಯವಿಲ್ಲ, ಕೆತ್ತುವ ಶಿಲ್ಪಿಗಳ ಅಗತ್ಯವಿಲ್ಲ. ಆಳುಗಳಿದ್ದರೆ ಬೇಗ ಕಟ್ಟಬಹುದು, ಬೇಗ ದುರಸ್ತಿ ಮಾಡಬಹುದು. ಆದರೆ ಅದರಲ್ಲಿ ಸೂಕ್ಷ್ಮವಾದ ಕೆತ್ತನೆ ನಿಲ್ಲುವುದಿಲ್ಲ. ಹಂಪಿಯನ್ನೋ ಬೇಲೂರನ್ನೋ ನೋಡಿ ಬಂದ ಕಣ್ಣಿಗೆ ಬೇಕಲ ಬೋಳಾಗಿ ಕಾಣುವುದಕ್ಕೆ ಕಲ್ಲಿನ ಈ ಗುಣವೂ ಒಂದು ಕಾರಣ.

ಇನ್ನು ಕಟ್ಟಿದವರು ಯಾರು ಎಂಬ ವಿಚಾರ. ಸಾಮಾನ್ಯವಾಗಿ ಒಪ್ಪಿಕೊಂಡು ಬಂದಿರುವ ಅಭಿಪ್ರಾಯದಂತೆ ಇದು ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ. ಅವನಿಗಿಂತ ಮುಂಚೆ ಹಿರಿಯ ವೆಂಕಟಪ್ಪ ನಾಯಕನೇ ಕೆಲಸ ತೊಡಗಿಸಿದ್ದ, ಶಿವಪ್ಪ ನಾಯಕ ಪೂರೈಸಿದ ಎನ್ನುವವರಿದ್ದಾರೆ. ಅದಕ್ಕೂ ಹಿಂದೆ ಬಡಗಣ ಮಲಬಾರನ್ನು ಆಳುತ್ತಿದ್ದ ಕೋಲತ್ತಿರಿ ಅರಸರಿಗೆ ಇಲ್ಲಿ ಒಂದು ನೆಲೆ ಇತ್ತು, ‘ಬಲಿಯಕುಳಂ’ ಅಂದರೆ ದೊಡ್ಡ ಅರಮನೆ ಎಂಬ ಮಾತೇ ಸವೆದು ಬೇಕಲವಾಯಿತು ಎಂಬ ನಿರುಕ್ತಿಯೂ ಬಳಕೆಯಲ್ಲಿದೆ. ತಮ್ಮ ಲೇಖಕರ ಅರಮನೆಯ ಮೂಲ ಬಹುಶಃ ಈ ನಿರುಕ್ತಿಯೇ ಇರಬೇಕು. ಊರಿನ ಹೆಸರಿಗೆ ಅರ್ಥ ಹುಡುಕುವ ಚಪಲ ನಮ್ಮೆಲ್ಲರಲ್ಲೂ ಇದೆ. ಆದರೆ ಹೆಸರಿನೊಳಗೆ ಅರಮನೆ ಇದ್ದ ಮಾತ್ರಕ್ಕೆ ನಾವು ನೋಡುವ ಗೋಡೆಗಳೊಳಗೆ ಅದು ಇತ್ತೆಂದು ಹೇಳಲಾಗದು. ಈಗ ಉಳಿದಿರುವ ಕೋಟೆ ತೋಪು ಬಂದೂಕುಗಳ ಕಾಲದ್ದು, ಅವುಗಳ ಲೆಕ್ಕಾಚಾರದಲ್ಲೇ ಕಟ್ಟಿದ್ದು ಎಂಬುದು ಗೋಡೆಯನ್ನು ನೋಡಿದವರಿಗೆ ತಿಳಿಯುತ್ತದೆ. ಇಂಥ ಕೋಟೆ ಒಂದೇ ವರ್ಷದಲ್ಲಿ ಒಬ್ಬನೇ ದೊರೆಯ ಕೈಯಲ್ಲಿ ಎದ್ದು ನಿಲ್ಲುವುದೂ ಇಲ್ಲ. ಆದ್ದರಿಂದ ‘ಕೆಳದಿಯವರ ಕಾಲದಲ್ಲಿ, ಹದಿನೇಳನೆಯ ಶತಮಾನದ ನಡುವಿನಲ್ಲಿ ಈ ರೂಪಕ್ಕೆ ಬಂದದ್ದು’ ಎಂದು ಬರೆದರೆ ಸಾಕು, ಮತ್ತು ಅಷ್ಟೇ ಸರಿ.

ಆ ನಡುಗಾಲದಲ್ಲಿ ಕೆಳದಿಯವರಿಗೆ ಇಲ್ಲಿ ಏನು ಕೆಲಸವಿತ್ತು? ಲೇಖನ ಕೇಳದೆ ಬಿಟ್ಟ ಮುಖ್ಯ ಪ್ರಶ್ನೆ ಇದು. 1565ರ ರಕ್ಕಸತಂಗಡಿಯ ಯುದ್ಧದ ಬಳಿಕ ವಿಜಯನಗರದ ಹಿಡಿತ ಸಡಿಲವಾದಂತೆ, ಘಟ್ಟದ ಮೇಲಿನ ಕೆಳದಿಯ ನಾಯಕರು ಒಬ್ಬೊಬ್ಬರಾಗಿ ಘಟ್ಟದ ಕೆಳಗಿನ ಅರಸುಮನೆತನಗಳನ್ನು ಮಣಿಸುತ್ತ ಬಂದರು. ವೆಂಕಟಪ್ಪ ನಾಯಕನ ಕಾಲಕ್ಕೆ ಗೇರುಸೊಪ್ಪೆಯ ಮೆಣಸಿನ ನಾಡು ಅವರ ಕೈಸೇರಿತು, ಮಂಗಳೂರಿನ ಬಂಗ ಅರಸರು ಸೋತರು. ಶಿವಪ್ಪ ನಾಯಕ 1652ರಿಂದ 1654ರ ನಡುವೆ ಗಂಗೊಳ್ಳಿ, ಬಸರೂರು, ಮಂಗಳೂರು, ಹೊನ್ನಾವರಗಳಲ್ಲಿದ್ದ ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡ. ಕೆಳದಿಯವರ ರಾಜಧಾನಿಯಾಗಿದ್ದ ಬಿದನೂರಿನ ಖಜಾನೆಗೆ ಹಣ ಬರುತ್ತಿದ್ದದ್ದು ಬರಿಯ ಮೆಣಸಿನಿಂದಲ್ಲ, ಅಕ್ಕಿಯಿಂದಲೂ ಹೌದು. ಬಹುಶಃ ಅಕ್ಕಿಯಿಂದಲೇ ಹೆಚ್ಚು ನೆಮ್ಮದಿಯಾಗಿ ಬರುತ್ತಿತ್ತು. ಕೆನರಾದ ಬಯಲುಗಳಲ್ಲಿ ಬೆಳೆದ ಅಕ್ಕಿ ಗೋವೆಯ ಪೋರ್ಚುಗೀಸರಿಗೂ ಬೇಕಿತ್ತು, ತನ್ನ ಬಾಯಿಗೆ ಸಾಲುವಷ್ಟು ಭತ್ತ ಬೆಳೆಯದ ಮಲಬಾರಿಗೂ ಬೇಕಿತ್ತು. ಅಕ್ಕಿ ಹೊತ್ತ ಮಂಜಿಗಳು ತೆಂಕಣಕ್ಕೆ ಹೋಗುವ ಆ ಕಡಲದಾರಿಯಲ್ಲಿ, ಕೆಳದಿಯ ನೆಲ ಮುಗಿದು ಕೋಲತ್ತಿರಿ ಮತ್ತು ನೀಲೇಶ್ವರದ ಅರಸರ ನೆಲ ತೊಡಗುವ ಜಾಗದ ಹತ್ತಿರ, ಎತ್ತರದ ಭೂಶಿರವೊಂದು ಸಿಕ್ಕಿದರೆ ಯಾವ ದೊರೆಯಾದರೂ ಅದನ್ನು ಬಿಡುತ್ತಿರಲಿಲ್ಲ.

ಹಾಗೆ ನೋಡಿದರೆ ಬೇಕಲ ಒಂಟಿಯಾಗಿ ನಿಂತ ಕೋಟೆಯೇ ಅಲ್ಲ. ಕುಂಬಳೆಯ ಆರಿಕ್ಕಾಡಿ, ಚಂದ್ರಗಿರಿ ಹೊಳೆಯ ತೆಂಕಣ ದಡದ ಚಂದ್ರಗಿರಿ ಕೋಟೆ, ಒಳನಾಡಿನ ಪೊವ್ವಲ್, ತೆಂಕಣದಲ್ಲಿ ಕಾಞಂಗಾಡಿನ ಹೊಸದುರ್ಗ ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. ಪ್ರತಿ ಹೊಳೆಬಾಯಿಗೆ ಒಂದು, ಪ್ರತಿ ಹಾದಿಯ ಕವಲಿಗೆ ಒಂದು ಎಂಬಂತೆ ಇಟ್ಟ ಕಾವಲುಗಳು ಇವು. ಆ ಸಾಲಿನಲ್ಲಿ ಬೇಕಲ ದೊಡ್ಡದಾದದ್ದು ಅದರ ನೆಲೆಯಿಂದ. ಹೊಸದುರ್ಗವನ್ನು ಸೋಮಶೇಖರ ನಾಯಕನ ಹೆಸರಿಗೆ ಸೇರಿಸಿ ಹೇಳುವುದು ರೂಢಿ. 1730ರ ದಶಕದಲ್ಲಿ ಅವನ ಸೈನ್ಯ ಇನ್ನೂ ತೆಂಕಣಕ್ಕೆ ನುಗ್ಗಿ ಕೋಲತ್ತುನಾಡಿನ ಒಳಗೆ ಹೋರಾಡಿತು, ತಲಶ್ಶೇರಿಯ ಇಂಗ್ಲಿಷ್ ವರ್ತಕರು ತಮ್ಮ ಮೆಣಸಿಗೆ ಸಂಚಕಾರ ಬಂತೆಂದು ಆ ಜಗಳದಲ್ಲಿ ತಲೆಹಾಕಿದರು. ಗಡಿ ಹಿಂದೆ ಮುಂದೆ ಸರಿಯುತ್ತಿದ್ದ ಇಂಥ ಪ್ರದೇಶದಲ್ಲಿ ದೊರೆ ಬಂದು ವಾಸಮಾಡುವುದಿಲ್ಲ, ಸೈನಿಕರನ್ನು ಇರಿಸುತ್ತಾನೆ. ಕೆಳದಿಯ ಅರಮನೆ ಬಿದನೂರಿನಲ್ಲಿತ್ತು, ಬೇಕಲದಲ್ಲಿದ್ದದ್ದು ಠಾಣೆ.

ಠಾಣೆ ಎಂಬ ಈ ಒಂದು ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ಒಳಗೆ ಹೋದರೆ, ‘ಏನೂ ಇಲ್ಲ’ ಎಂದು ತೋರಿದ ಬಯಲು ಮಾತಾಡತೊಡಗುತ್ತದೆ. ಬಾಗಿಲಿನ ದಾರಿ ನೇರವಾಗಿಲ್ಲ, ತಿರುವುಗಳಿವೆ. ಆನೆಯಾಗಲಿ ಆಳಾಗಲಿ ಓಡಿಬಂದು ಗುದ್ದುವುದಕ್ಕೆ ಜಾಗ ಸಿಗಬಾರದು. ಗೋಡೆಯಲ್ಲಿ ಗುಂಡು ಹಾರಿಸುವ ಕಿಂಡಿಗಳು ಮೂರು ಬಗೆಯವಾಗಿವೆ: ಮೇಲಿನವು ದೂರದ ಗುರಿಗೆ, ಅವುಗಳ ಕೆಳಗಿನವು ಹತ್ತಿರ ಬಂದವರಿಗೆ, ಇನ್ನೂ ಕೆಳಗಿನವು ಗೋಡೆಯ ಬುಡಕ್ಕೇ ಬಂದುಬಿಟ್ಟವರಿಗೆ. ಮಕ್ಕಳಿಗೆ ನಾನು ಒಂದೊಂದು ಕಿಂಡಿಗೂ ಕಣ್ಣಿಟ್ಟು ಹೊರಗೆ ಎಷ್ಟು ದೂರ ಕಾಣುತ್ತದೆಂದು ಹೇಳಲು ಹೇಳುತ್ತಿದ್ದೆ. ಐದು ನಿಮಿಷದಲ್ಲಿ ಅವರಿಗೆ ಕಟ್ಟಿದವನ ತಲೆ ಅರ್ಥವಾಗುತ್ತಿತ್ತು. ನಡುವಿನ ಕಾವಲುಬುರುಜು ಸುಮಾರು 30 ಅಡಿ ಎತ್ತರದ್ದು. ಅದಕ್ಕೆ ಮೆಟ್ಟಿಲಿಲ್ಲ, ಇಳಿಜಾರಾದ ಅಗಲವಾದ ದಾರಿ ಇದೆ. ತೋಪನ್ನು ಮೆಟ್ಟಿಲು ಹತ್ತಿಸಲಾಗದು, ಎಳೆದುಕೊಂಡೇ ಹೋಗಬೇಕು. ಅದರ ಮೇಲೆ ನಿಂತರೆ ಬಡಗಣದಲ್ಲಿ ಕೋಟಿಕುಳಂ, ಉದುಮ, ತೆಂಕಣದಲ್ಲಿ ಕಾಞಂಗಾಡಿನ ಕಡೆ, ಮೂಡಣದಲ್ಲಿ ತೆಂಗಿನ ತೋಟಗಳ ಆಚೆ ಗುಡ್ಡಗಳು, ಪಡುವಣದಲ್ಲಿ ಯಾವ ಅಡ್ಡಿಯೂ ಇಲ್ಲದ ಕಡಲು. ಮದ್ದಿನ ಮನೆ ಇದೆ, ತೆಂಕಣಕ್ಕೆ ಬಾಯಿ ಬಿಡುವ ಸುರಂಗದ ದಾರಿ ಇದೆ. ಈ ಎಲ್ಲಕ್ಕಿಂತ ನನಗೆ ಹೆಚ್ಚಿನದಾಗಿ ಕಾಣುವುದು ಮೆಟ್ಟಿಲುಗಳುಳ್ಳ ದೊಡ್ಡ ಕೆರೆ. ಮೂರು ಸುತ್ತ ಉಪ್ಪುನೀರು ಇರುವ ದಿಣ್ಣೆಯ ಮೇಲೆ ಸಿಹಿನೀರನ್ನು ಹಿಡಿದು ನಿಲ್ಲಿಸದಿದ್ದರೆ ಗೋಡೆ ಎಷ್ಟು ದಪ್ಪವಿದ್ದೇನು ಪ್ರಯೋಜನ? ಮುತ್ತಿಗೆ ಹಾಕಿದವನು ಕಾಯುತ್ತ ಕುಳಿತರೆ ಸಾಕು. ತಮ್ಮ ಲೇಖನದ ಎಂಟು ಚಿತ್ರಗಳಲ್ಲಿ ಆ ಕೆರೆಯ ಚಿತ್ರ ಒಂದೂ ಇರಲಿಲ್ಲ.

ಹಾಗಾದರೆ ಸೈನಿಕರು ಮಲಗುತ್ತಿದ್ದದ್ದೆಲ್ಲಿ, ಅಕ್ಕಿ ಇಡುತ್ತಿದ್ದದ್ದೆಲ್ಲಿ ಎಂಬ ಪ್ರಶ್ನೆ ಸಹಜವೇ. ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ, ಹಂಚು ಬರುವುದಕ್ಕೆ ಮೊದಲು, ಉಳ್ಳವರ ಮನೆಗಳಿಗೂ ಮಡಲಿನ ಇಲ್ಲವೇ ಮುಳಿಹುಲ್ಲಿನ ಮಾಡೇ ಇತ್ತು. ಮರದ ಕಂಬ, ಮಣ್ಣಿನ ಗೋಡೆ, ಹುಲ್ಲಿನ ಹೊದಿಕೆ. ಎರಡು ಮಳೆಗಾಲ ಯಾರೂ ಹೊದೆಸದೆ ಬಿಟ್ಟರೆ ಅಂಥ ಮನೆ ಮಣ್ಣಾಗುತ್ತದೆ. ಠಾಣೆ ಎತ್ತಿಹೋದ ಮೇಲೆ ಒಳಗಿನವು ಕರಗಿ ಹೋಗಿ ಹೊರಗೋಡೆ ಮಾತ್ರ ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಕಳೆದ ಶತಮಾನದ ಕೊನೆಯ ವರ್ಷಗಳ ಆಸುಪಾಸಿನಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಕಟ್ಟಡಗಳ ತಳಪಾಯಗಳೂ ಹೈದರ್, ಟಿಪ್ಪು ಇವರ ಕಾಲದ ನಾಣ್ಯಗಳೂ ದೊರೆತವು. ಆ ತಳಪಾಯಗಳ ನಡುವೆ ನಡೆದಾಡುವವರು ಅವುಗಳನ್ನು ಕುಸಿದ ವೈಭವವೆಂದು ನೋಡುವುದಕ್ಕಿಂತ, ಕೆಲಸ ಮುಗಿದ ಮೇಲೆ ಖಾಲಿಮಾಡಿದ ಕಚೇರಿಯೆಂದು ನೋಡಿದರೆ ನಿಜಕ್ಕೆ ಹತ್ತಿರವಾಗುತ್ತಾರೆ.

ಟಿಪ್ಪುವಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅವನ ಹೆಸರು ಬಂದರೆ ಸಾಕು, ನಮ್ಮಲ್ಲಿ ಒಂದು ಗುಂಪು ಎದ್ದು ನಿಲ್ಲುತ್ತದೆ, ಇನ್ನೊಂದು ಗುಂಪು ಎದ್ದು ಹೋಗುತ್ತದೆ. ನನ್ನ ತಕರಾರು ಆ ಬಗೆಯದಲ್ಲ. ಹೈದರ್ ಅಲಿ 1763ರಲ್ಲಿ ಬಿದನೂರನ್ನು ಗೆದ್ದಾಗ ಕೆಳದಿಯವರ ಕರಾವಳಿಯೂ ಅದರ ಜೊತೆಗೆ ಬೇಕಲವೂ ಮೈಸೂರಿನ ವಶಕ್ಕೆ ಹೋಯಿತು. 1766ರಲ್ಲಿ ಅವನು ಮಲಬಾರಿನ ಮೇಲೆ ದಂಡೆತ್ತಿ ಹೋದದ್ದು ಇದೇ ಕಡಲಂಚಿನ ದಾರಿಯಲ್ಲಿ. ಗಡಿ ತೆಂಕಣಕ್ಕೆ ಸರಿದಾಗ ಬೇಕಲ ಮುಂಚೂಣಿಯಿಂದ ಹಿಂದುಳಿದು ಸರಬರಾಜಿನ ನೆಲೆಯಾಯಿತು. ಆದರೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಮಲಬಾರನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಡಬೇಕಾಗಿ ಬಂದಾಗ, ಅವನ ಕರಾವಳಿಯ ತೆಂಕಣ ಗಡಿ ಮತ್ತೆ ಈ ಸೀಮೆಗೆ ಹಿಂದೆಗೆಯಿತು. ಶಿವಪ್ಪ ನಾಯಕನ ಕಾಲದಲ್ಲಿ ಬೇಕಲಕ್ಕೆ ಇದ್ದ ಕೆಲಸವೇ 140 ವರ್ಷಗಳ ಅನಂತರ ಅದಕ್ಕೆ ಮರಳಿ ಬಂತು. ಏಳು ವರ್ಷ, 1799ರಲ್ಲಿ ಟಿಪ್ಪು ಸಾಯುವವರೆಗೆ, ಅದು ಗಡಿಕೋಟೆಯಾಗಿಯೇ ಇತ್ತು. ಕೋಟೆಯ ಬಳಿಯ ಹಳೆಯ ಮಸೀದಿಯನ್ನು ಜನ ಟಿಪ್ಪುವಿನ ಹೆಸರಿನಲ್ಲಿ ನೆನೆಯುತ್ತಾರೆ, ಬಾಗಿಲಿನ ಬಳಿ ಮುಖ್ಯಪ್ರಾಣನ ಗುಡಿ ಇದೆ. ಎರಡನ್ನೂ ನೋಡಿದವರು ಒಂದನ್ನು ಮಾತ್ರ ಬರೆಯಬಾರದು. ಕಟ್ಟಿದವನ ಹೆಸರಲ್ಲಿ ಕರೆಯುವುದಾದರೆ ಇದು ಟಿಪ್ಪುವಿನ ಕೋಟೆಯಲ್ಲ. ಬಳಸಿದವರ ಹೆಸರಲ್ಲಿ ಕರೆಯುವುದಾದರೆ ಇನ್ನೂ ನಾಲ್ಕು ಹೆಸರು ಸೇರಿಸಬೇಕು, ಕಂಪನಿ ಸರಕಾರದ್ದೂ ಸೇರಿ.

ಕಂಪನಿಯ ಕಾಲ ಲೇಖನದಲ್ಲಿ ಒಂದು ಸಾಲಿಗೆ ಮುಗಿದಿದೆ. ಯುದ್ಧವಿಲ್ಲದ್ದರಿಂದ ಅದು ನೀರಸ ಎಂದು ತೋರಿದ್ದೀತು. ಆದರೆ ಸಾಮಾನ್ಯ ಜನರ ಬದುಕಿನ ಮಟ್ಟಿಗೆ ಬೇಕಲ ಎಂಬ ಹೆಸರು ಹೆಚ್ಚು ತೂಕ ಪಡೆದದ್ದು ಆಗಲೇ. ಕೆನರಾದ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ಮಳೆಯನ್ನೂ ಕೆಲಸದ ಭಾರವನ್ನೂ ಶಪಿಸುತ್ತ, ಯಾವಾಗ ಇಲ್ಲಿಂದ ಬಿಡುಗಡೆ ಎಂದು ಹಂಬಲಿಸುತ್ತಲೇ, ಕೆಳದಿಯವರ ಕಾಲದ ‘ಶಿಸ್ತು’ ಎಂಬ ಭೂಕಂದಾಯ ಎಷ್ಟು, ಮೈಸೂರಿನವರು ಅದರ ಮೇಲೆ ಏರಿಸಿದ ‘ಶಾಮಿಲು’ ಎಷ್ಟು ಎಂದು ಹಳೆಯ ಕನ್ನಡ ಕಡತಗಳನ್ನು ಕೆದಕಿದ. 1800ರಲ್ಲಿ ಅವನಿಗೆ ಆ ಬಿಡುಗಡೆ ಸಿಕ್ಕಿತು. ಮರುವರ್ಷದ ಆರಂಭದಲ್ಲಿ, ಕಂಪನಿಗಾಗಿ ನಾಡು ಸುತ್ತಿ ವರದಿ ಬರೆಯುತ್ತಿದ್ದ ಫ್ರಾನ್ಸಿಸ್ ಬುಕನನ್ ಮಲಬಾರಿನಿಂದ ಹೊಸದುರ್ಗ, ಬೇಕಲಗಳ ಮೂಲಕ ತುಳುನಾಡಿಗೆ ಬಂದ. ನಮ್ಮ ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟು ಜಗತ್ತಿನ ಭೂವಿಜ್ಞಾನಕ್ಕೆ ಸೇರಿಸಿದವನು ಇವನೇ. ಆ ಕಲ್ಲನ್ನು ಅವನು ಗಮನಿಸಿದ್ದು ಮಲಬಾರಿನ ಅಂಗಾಡಿಪುರದಲ್ಲಿ, ಬೇಕಲಕ್ಕೆ ಬರುವುದಕ್ಕೆ ಸ್ವಲ್ಪವೇ ಮುಂಚೆ. ಇಡೀ ಒಂದು ಕೋಟೆ ಅದೇ ಕಲ್ಲಿನಲ್ಲಿ ನಿಂತಿರುವುದನ್ನು ನೋಡಿ ಅವನಿಗೆ ಏನನ್ನಿಸಿತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆ ಬಳಿಕ ದಕ್ಷಿಣ ಕನ್ನಡದ ತೆಂಕಣ ತುದಿಯ ತಾಲೂಕಿಗೆ ‘ಬೇಕಲ ತಾಲೂಕು’ ಎಂದೇ ಹೆಸರು. ಜಮಾಬಂದಿ, ಜಮೀನಿನ ತಂಟೆ, ಅರ್ಜಿ, ಮಹಜರು ಇವೆಲ್ಲಕ್ಕೂ ಜನ ಬೇಕಲವನ್ನೇ ನೋಡಬೇಕಿತ್ತು. ಮುಂದೆ ತಾಲೂಕಿನ ಕೇಂದ್ರ ಕಾಸರಗೋಡಿಗೆ ಹೋಯಿತು, ಹೆಸರೂ ಹಿಂದಿನಿಂದ ಹೋಯಿತು. ಕೋಟೆ ಹಾಳಾಗತೊಡಗಿದ್ದು ಯಾವ ಶತ್ರುವಿನ ತೋಪಿನಿಂದಲೂ ಅಲ್ಲ, ಹೀಗೆ ಒಂದು ಕಚೇರಿಯ ವರ್ಗಾವಣೆಯಿಂದ ಎಂದರೆ ಕೇಳುವವರಿಗೆ ಸಪ್ಪೆ ಎನಿಸಬಹುದು. ಆದರೆ ನಮ್ಮ ಕರಾವಳಿಯ ಹೆಚ್ಚಿನ ಕೋಟೆಗಳ ಕೊನೆ ಇಷ್ಟೇ ಸಪ್ಪೆಯಾದದ್ದು: ಒಳಗಿನ ಕೆಲಸ ಹೋಯಿತು, ಕಾವಲು ಹೋಯಿತು, ಗೋಡೆಯ ಸಂದಿನಲ್ಲಿ ಹಕ್ಕಿ ಹಾಕಿದ ಅಶ್ವತ್ಥದ ಬೀಜ ಮೊಳೆಯಿತು.

ಇನ್ನೊಂದು ಸೂಕ್ಷ್ಮವಾದ ಮಾತು. ಲೇಖನದ ನಡುವೆ ‘ನಾವು 1956ರಲ್ಲಿ ಕಳೆದುಕೊಂಡ ಕೋಟೆ’ ಎಂಬ ನಿಟ್ಟುಸಿರು ಇದೆ. ಕಾಸರಗೋಡಿನ ಕನ್ನಡಿಗನಾದ ನನಗೆ ಆ ನಿಟ್ಟುಸಿರಿನ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರಂದು, ಭಾಷಾವಾರು ರಾಜ್ಯಗಳಾಗಿ ಕಾಸರಗೋಡು ಕೇರಳಕ್ಕೆ ಸೇರಿದ ದಿನ, ಇತರರು ಹಬ್ಬ ಮಾಡುವಾಗ ನಮ್ಮ ಮನೆಗಳಲ್ಲಿ ಒಲೆ ಮಂಕಾಗಿತ್ತು ಎಂದು ಹಿರಿಯರು ಹೇಳುವುದನ್ನು ಕೇಳಿ ಬೆಳೆದವನು ನಾನು. ಆದರೂ ನಿಜವನ್ನು ಹೇಳಬೇಕು. 1967ರಲ್ಲಿ, ಗಡಿ ತಕರಾರನ್ನು ಪರಿಶೀಲಿಸಿದ ಮಹಾಜನ ಆಯೋಗವು ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ್ದು ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು. ಬೇಕಲ ಇರುವುದು ಹೊಳೆಯ ತೆಂಕಣದಲ್ಲಿ. ತುಳುನಾಡಿಗೂ ಮಲೆಯಾಳಕ್ಕೂ ನಡುವಣ ಗಡಿ ಚಂದ್ರಗಿರಿ ಎಂಬುದು ಆಯೋಗದ ಕಲ್ಪನೆಯೂ ಅಲ್ಲ. ನಾಯರ್ ಹೆಂಗಸರು ಆ ಹೊಳೆಯನ್ನು ಬಡಗಣಕ್ಕೆ ದಾಟಬಾರದೆಂಬ ಕಟ್ಟಳೆ ಇದ್ದ ಕಾಲದಿಂದಲೂ ನಡೆದುಬಂದ ತಿಳಿವಳಿಕೆ ಅದು. ಅಂದರೆ ಕೆಳದಿಯವರು ಬೇಕಲದಲ್ಲಿ ಕೋಟೆ ಕಟ್ಟಿದ್ದು ತಮ್ಮ ಭಾಷೆಯ ಜನರ ನಡುವೆ ಅಲ್ಲ. ಗೆದ್ದುಕೊಂಡ ನೆಲದಲ್ಲಿ, ಗೆದ್ದದ್ದನ್ನು ಉಳಿಸಿಕೊಳ್ಳುವುದಕ್ಕೆ. ಮುರಕಲ್ಲು ಕಡಿದವರಲ್ಲಿ, ಹೊತ್ತವರಲ್ಲಿ ಹೆಚ್ಚಿನವರು ಮಲಯಾಳವನ್ನೋ ತುಳುವನ್ನೋ ಆಡುವವರೇ ಇದ್ದಿರಬೇಕು. ಹೆಮ್ಮೆ ಪಡುವುದಾದರೆ ಅದನ್ನೂ ನೆನಪಿಟ್ಟುಕೊಂಡು ಪಡೋಣ.

ಹೀಗೆ ಹೇಳಿದ ಮಾತ್ರಕ್ಕೆ ಬೇಕಲದ ಕನ್ನಡ ನಂಟು ಕಡಮೆಯಾಗುವುದಿಲ್ಲ. ಅದು ಬೇರೆ ಕಡೆ ಇದೆ. ಕೋಟೆಯ ಒಳಗೆ ಏನೂ ಇಲ್ಲದ್ದಕ್ಕೆ ಇನ್ನೊಂದು ಕಾರಣವೆಂದರೆ, ಒಳಗಿದ್ದದ್ದು ಹೊರಗೆ ಬಂದು ಊರಿನಲ್ಲಿ ಬೆರೆತುಹೋಗಿದೆ. ಕೆಳದಿಯವರು ಕಾವಲಿಗೆಂದು ಕರೆತಂದು ನೆಲೆಗೊಳಿಸಿದ ಸೈನಿಕರ ಸಂತತಿಯವರೆಂದು ಹೇಳುವ ಕೋಟೆಯವರು, ಅಂದರೆ ರಾಮಕ್ಷತ್ರಿಯರು, ಬೇಕಲ, ಹೊಸದುರ್ಗ, ಕಾಸರಗೋಡುಗಳಲ್ಲಿ ಇಂದಿಗೂ ಇದ್ದಾರೆ. ಸುತ್ತಲೂ ಮಲಯಾಳ ಇರುವ ಕಾಞಂಗಾಡಿನಲ್ಲಿ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡವರು ಅವರು. ಸೈನ್ಯ ಹೋಯಿತು, ಸಂಬಳ ಕೊಡುವ ದೊರೆ ಹೋದ, ಕೋಟೆಯ ಬಾಗಿಲಿಗೆ ಬೇರೆಯವರ ಬೀಗ ಬಿತ್ತು. ಜಾತಿಯ ಹೆಸರಿನಲ್ಲಿ ಮಾತ್ರ ಕೋಟೆ ನಿಂತಿತು. ಕೋಟೆಗಳ ಬಾಗಿಲಲ್ಲಿ ಹನುಮಂತನನ್ನು ಇಡುವ ವಿಜಯನಗರದ ರೂಢಿ ಅವರ ಸಂಗಡ ಘಟ್ಟ ಇಳಿದು ಬಂತು: ಬೇಕಲದಲ್ಲಿ ಮುಖ್ಯಪ್ರಾಣ, ಆರಿಕ್ಕಾಡಿಯಲ್ಲಿ ಆಂಜನೇಯ, ಪೊವ್ವಲಿನಲ್ಲೂ ಅವನೇ. ಇನ್ನು ಊರಿನ ಹೆಸರನ್ನು ನೋಡಿ. ಕಾಞಂಗಾಡಿನ ಕೋಟೆಯ ಜಾಗವನ್ನು ಕನ್ನಡದಲ್ಲಿ ಹೊಸದುರ್ಗ ಎಂದರೆ, ಅದರ ಪಕ್ಕದ ಪೇಟೆಯನ್ನು ಮಲಯಾಳದಲ್ಲಿ ಪುದಿಯಕೋಟ್ಟ ಎನ್ನುತ್ತಾರೆ. ಎರಡೂ ಭಾಷೆಯವರು ಒಂದೇ ಮಾತನ್ನು ತಮ್ಮ ತಮ್ಮ ಬಾಯಿಗೆ ಒಗ್ಗಿಸಿಕೊಂಡಿದ್ದಾರೆ, ಜಗಳವಿಲ್ಲದೆ. ಸರಕಾರಿ ಕಾಗದದಲ್ಲಿ ತಾಲೂಕಿನ ಹೆಸರು ಈಗಲೂ ಹೊಸದುರ್ಗವೇ. ಬೇಕಲ ಕೋಟೆ ಇರುವುದು ಆ ತಾಲೂಕಿನಲ್ಲಿ.

ಕೋಟೆ ಈಗ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1990ರ ದಶಕದಿಂದ ಸುತ್ತಮುತ್ತ ಪ್ರವಾಸೋದ್ಯಮ ಬೆಳೆದು ದೊಡ್ಡ ಹೋಟೆಲುಗಳು ಬಂದಿವೆ. ಗೋಡೆ ಗಟ್ಟಿಯಾಗಿದೆ, ಹುಲ್ಲು ಹಸನಾಗಿದೆ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅದೇ ಸರಪಳಿಯ ಆರಿಕ್ಕಾಡಿ, ಚಂದ್ರಗಿರಿ, ಪೊವ್ವಲ್ ಕೋಟೆಗಳಿಗೆ ಅಷ್ಟು ಜನ ಹೋಗುವುದಿಲ್ಲ, ಪತ್ರಿಕೆಗಳೂ ಹೋಗುವುದಿಲ್ಲ. ಆರಿಕ್ಕಾಡಿಯಂತೂ ಮಂಗಳೂರಿನಿಂದ ಕಾಸರಗೋಡಿಗೆ ಬರುವ ಹೆದ್ದಾರಿಯ ಬದಿಯಲ್ಲೇ ಇದೆ. ಬೇಕಲಕ್ಕೆ ಹೋಗುವ ನಮ್ಮ ಕರ್ನಾಟಕದ ಪ್ರವಾಸಿಗಳಲ್ಲಿ ಹೆಚ್ಚಿನವರು ಅದರ ಮುಂದೆಯೇ ಹಾದುಹೋಗುತ್ತಾರೆ, ಕಿಟಕಿಯ ಗಾಜನ್ನು ಇಳಿಸುವುದೂ ಇಲ್ಲ. ಬಡಗಣದಿಂದ ಬರುವವರು ಆರಿಕ್ಕಾಡಿಯಲ್ಲಿ ಒಂದು ಗಳಿಗೆ, ಚಂದ್ರಗಿರಿ ಸೇತುವೆ ದಾಟಿದ ಮೇಲೆ ಎಡಕ್ಕೋ ಬಲಕ್ಕೋ ಕೇಳಿಕೊಂಡು ಅಲ್ಲಿನ ಕೋಟೆಯಲ್ಲಿ ಇನ್ನೊಂದು ಗಳಿಗೆ ನಿಂತು, ಆಮೇಲೆ ಬೇಕಲಕ್ಕೆ ಬಂದರೆ, ಒಂದು ರಾಜ್ಯ ತನ್ನ ಗಡಿಯನ್ನು ಹೊಳೆಯಿಂದ ಹೊಳೆಗೆ ಹೇಗೆ ನೂಕುತ್ತ ಹೋಯಿತು ಎಂಬುದನ್ನು ಅರ್ಧ ದಿನದಲ್ಲಿ ಕಾಲಿನಿಂದಲೇ ತಿಳಿಯಬಹುದು. ಶಾಲಾ ಪ್ರವಾಸಗಳಿಗೆ ಈ ದಾರಿಯನ್ನು ಸೂಚಿಸುವ ಒಂದು ಲೇಖನವನ್ನು ತಾವು ಮಾಡಿಸಿದರೆ ಅಧ್ಯಾಪಕರಿಗೆ ದೊಡ್ಡ ಉಪಕಾರವಾಗುತ್ತದೆ.

ಸದ್ಯಕ್ಕೆ ನನ್ನ ವಿನಂತಿ ಚಿಕ್ಕದು. ಮುಂದಿನ ಸಂಚಿಕೆಯಲ್ಲಿ ‘ಟಿಪ್ಪುವಿನ ಕೋಟೆ’, ‘ಅರಮನೆಯ ಅವಶೇಷ’ ಎಂಬ ಎರಡು ಮಾತುಗಳಿಗೆ ತಿದ್ದುಪಡಿ ಹಾಕಬೇಕು. ಮತ್ತೆ ಯಾವಾಗಲಾದರೂ ತಮ್ಮ ಛಾಯಾಗ್ರಾಹಕರು ಬೇಕಲಕ್ಕೆ ಬಂದರೆ ಬುರುಜಿನ ಮೇಲಿಂದ ಕಡಲಿನ ಚಿತ್ರ ತೆಗೆಯುವ ಮುನ್ನ ಆ ಕೆರೆಯ ಮೆಟ್ಟಿಲುಗಳದ್ದೊಂದು ತೆಗೆಯಲಿ. ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಅಲ್ಲಿ ಬೆಳಕು ಚೆನ್ನಾಗಿರುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ,
ಕಾಸರಗೋಡು